ಕಾಗಿಣಾ ದಂಡೆಯ ತಾಂಡೂರು

ತಾಂಡೂರಿನಿಂದ ಯಾವ ದಿಕ್ಕಿಗೆ ನೋಡಿದರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಈ ಊರಿನ ಚರಿತ್ರೆ ಶುರುವಾಗುವುದು ಕಡಲಿನಿಂದಲೇ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದುದು ಆಳವಿಲ್ಲದ ಒಂದು ಸಮುದ್ರ. ಅದರ ತಳದಲ್ಲಿ ಪದರದ ಮೇಲೆ ಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ಸಿಗುವ ಫರಸಿಯೂ (ನೆಲಹಾಸಿನ ಕಲ್ಲು) ಇದೇ ಕಾಲದ್ದು, ಇದೇ ಕುಲದ್ದು. ಭೂವಿಜ್ಞಾನಿಗಳು ಎರಡನ್ನೂ ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಬಹುಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನ ಮೇಲೆ ಲಾವಾ ಹರಿಯಿತು. ಅದು ಸವೆದು ಎರೆಮಣ್ಣಾಯಿತು. ಕೆಳಗೆ ಕಲ್ಲು, ಮೇಲೆ ಎರೆಮಣ್ಣು: ತಾಂಡೂರಿನವರು ಇಂದಿಗೂ ಉಣ್ಣುತ್ತಿರುವುದು ಈ ಎರಡರಿಂದಲೇ.

ಊರು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಪಕ್ಕದಲ್ಲೇ ಹರಿಯುವ ಹೊಳೆಗೆ ತೆಲುಗರು ಕಾಗ್ನಾ ಎನ್ನುತ್ತಾರೆ, ಕನ್ನಡಿಗರು ಕಾಗಿಣಾ ಎನ್ನುತ್ತಾರೆ. ಇದೇ ಹೊಳೆ ಪಶ್ಚಿಮಕ್ಕೆ ಹರಿದು ಕರ್ನಾಟಕದೊಳಗೆ ಮಳಖೇಡದ ಕೋಟೆಯನ್ನು ಸವರಿಕೊಂಡು ಹೋಗಿ ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಆ ರಾಜಧಾನಿಗೆ ತಾಂಡೂರು ಹೊಳೆಯ ಮೇಲ್ದಂಡೆಯ ನೆರೆಯೂರು. ಈ ಭಾಗದಲ್ಲಿ ಕನ್ನಡ ಎಲ್ಲಿಂದ ಬಂತು ಎಂದು ಕೇಳುವವರು ಹೊಳೆಯ ಜಾಡು ಹಿಡಿದು ಇಳಿದರೆ ಸಾಕು.

ಊರನ್ನು ಪೇಟೆಯಾಗಿ ಬೆಳೆಸಿದ್ದು ರೈಲು. 1871ರ ಹೊತ್ತಿಗೆ ಮುಂಬಯಿಯಿಂದ ರಾಯಚೂರಿನ ಕಡೆಗೆ ಹಳಿ ಬಂದಿತ್ತು. ನಿಜಾಮರ ರಾಜಧಾನಿಗೆ ಆ ಹಳಿಯ ಸಂಪರ್ಕ ಬೇಕಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಒಂದೇ ಹಳಿಯ ಊರುಗಳಾದವು. ಕಲ್ಲು ಭಾರದ ಸರಕು. ಎತ್ತಿನ ಗಾಡಿಯಲ್ಲಿ ಎಷ್ಟು ದೂರ ಹೋದೀತು? ಗೂಡ್ಸ್ ಗಾಡಿಗೆ ಹೇರತೊಡಗಿದ ಮೇಲೆಯೇ ಇಲ್ಲಿನ ಫರಸಿಗೆ ದೂರದೂರದ ಗಿರಾಕಿಗಳು ಸಿಕ್ಕಿದ್ದು.

ಫರಸಿ ತೆಗೆಯುವ ಕೆಲಸದಲ್ಲಿ ಸಿಡಿಮದ್ದಿಗಿಂತ ಕೈಯ ಹದವೇ ಮುಖ್ಯ. ಮೇಲಿನ ಮಣ್ಣು ಎತ್ತಿದ ಮೇಲೆ ಬಂಡೆ ಹಾಸಿಗೆ ಹಾಸಿದಂತೆ ಸಪಾಟಾಗಿ ಕಾಣುತ್ತದೆ. ಕೆಲಸಗಾರ ಉಳಿಯಿಂದ ಗೆರೆ ಕೊರೆಯುತ್ತಾನೆ, ಆ ಗೆರೆಯ ಉದ್ದಕ್ಕೂ ಸುತ್ತಿಗೆಯಿಂದ ಬಡಿಯುತ್ತಾ ಹೋಗುತ್ತಾನೆ, ಆಮೇಲೆ ಪದರಗಳ ಸಂದಿಗೆ ಹಾರೆ ಕೊಟ್ಟು ಮೀಟುತ್ತಾನೆ. ಪದರ ಇಡಿಯಾಗಿ ಏಳುತ್ತದೆ. ಎಲ್ಲೋ ಬಿರುಕಿದ್ದರೆ ಬಡಿದಾಗಿನ ಸದ್ದಿನಲ್ಲೇ ಅನುಭವಿಗೆ ಗೊತ್ತಾಗಿಬಿಡುತ್ತದೆ. ನೀಲಿ ಛಾಯೆಯ ಕಲ್ಲು, ಹಳದಿ ಛಾಯೆಯ ಕಲ್ಲು ಎರಡೂ ಇಲ್ಲಿ ಸಿಗುತ್ತವೆ. ಹಿಂದೆ ಕೈಯಿಂದಲೇ ಅಂಚು ಕೆತ್ತುತ್ತಿದ್ದರು. ಈಗ ಕತ್ತರಿಸುವ ಯಂತ್ರ, ಪಾಲಿಶ್ ಯಂತ್ರಗಳಿವೆ. ಯಂತ್ರ ಬಂದು ಕಲ್ಲಿಗೆ ಹೊಳಪು ಕೊಟ್ಟಿತು, ಊರಿಗೆ ಬಿಳಿ ದೂಳನ್ನೂ ಕಲ್ಲುಕೆಸರಿನ ಗುಡ್ಡೆಗಳನ್ನೂ ಕೊಟ್ಟಿತು. ಲಾಭದ ಲೆಕ್ಕ ಬರೆಯುವಾಗ ಈ ದೂಳನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಇದೇ ಸುಣ್ಣಕಲ್ಲು ಸಿಮೆಂಟನ್ನೂ ಕರೆತಂದಿತು. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ತಾಂಡೂರಿನ ಹತ್ತಿರದ ಕರಣಕೋಟದಲ್ಲಿ ಕಾರ್ಖಾನೆ ತೆರೆಯಿತು. 1980ರ ದಶಕದ ಕೊನೆಗೆ ಉತ್ಪಾದನೆ ಆರಂಭವಾಯಿತು. ಕರ್ನಾಟಕದ ಕುರಕುಂಟೆಯೂ ಸೇರಿದಂತೆ ಆ ಸಂಸ್ಥೆಯ ಬಹುಪಾಲು ಘಟಕಗಳು ಮುಂದೆ ಬಾಗಿಲು ಹಾಕಿದರೂ ತಾಂಡೂರಿನದು ಉಳಿದುಕೊಂಡಿತು.

ಮಣ್ಣಿನ ಮೇಲಿನ ಸಂಪತ್ತು ತೊಗರಿ. ಮುಂಗಾರಿಗೆ ಬಿತ್ತಿದ ಬೆಳೆ ಚಳಿಗಾಲದಲ್ಲಿ ಕಟಾವಿಗೆ ಬರುತ್ತದೆ. ಆಳಕ್ಕೆ ಬೇರಿಳಿಸುವ ತೊಗರಿಗೆ ತೇವ ಹಿಡಿದಿಡುವ ಎರೆಮಣ್ಣು ಒಗ್ಗುತ್ತದೆ. ಆದರೆ ನೆಟೆ ರೋಗ ಬಿದ್ದರೆ ನಿಂತ ಬೆಳೆಯೇ ಒಣಗಿಹೋಗುತ್ತದೆ. ಅದಕ್ಕಾಗಿಯೇ ತಾಂಡೂರಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ತೊಗರಿಯೇ ಮುಖ್ಯ ಕೆಲಸ. ಹಳ್ಳಿಗಳಲ್ಲಿ ಕಾಳಿಗೆ ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡುವ ಪದ್ಧತಿ ಇತ್ತು. ಆ ಕೆಲಸವೀಗ ದಾಲ್ ಮಿಲ್ಲುಗಳದ್ದು.

ಆಡಳಿತದ ಚರಿತ್ರೆಯಲ್ಲಿ ತಾಂಡೂರು ಕೂತಲ್ಲೇ ಕೂತು ಹಲವು ಮನೆ ಬದಲಿಸಿದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಾಗ ಅದು ಗುಲ್ಬರ್ಗಾ (ಇಂದಿನ ಕಲಬುರಗಿ) ಕಡೆಯ ಊರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಆದರೆ ಅದರ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬೀದರ್ ಜಿಲ್ಲೆಯ ನಾರಾಯಣಖೇಡ, ಮತ್ತು ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು ಕೂಡ ಆಚೆಗೇ ಉಳಿದವು. ತಾಂಡೂರನ್ನು ಹೈದರಾಬಾದ್ ಜಿಲ್ಲೆಗೆ ಸೇರಿಸಲಾಯಿತು; 1978ರಲ್ಲಿ ಊರು ರಂಗಾರೆಡ್ಡಿ ಜಿಲ್ಲೆಗೆ ಸೇರಿತು, 2014ರಲ್ಲಿ ರಾಜ್ಯ ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ವಿಕಾರಾಬಾದ್ ಆಯಿತು. ಅರವತ್ತು ವರ್ಷಗಳಲ್ಲಿ ಇಷ್ಟು ವಿಳಾಸ ಬದಲಿಸಿದ ಊರು ಅಪರೂಪ. ರಾಜಕಾರಣಿ ಮರ್ರಿ ಚೆನ್ನಾರೆಡ್ಡಿ 1967ರಲ್ಲಿ ವಿಧಾನಸಭೆಗೆ ಗೆದ್ದದ್ದು ಇಲ್ಲಿಂದಲೇ. ಆ ಆಯ್ಕೆ ನ್ಯಾಯಾಲಯದಲ್ಲಿ ಅಸಿಂಧುವಾಯಿತು; ಅವರು 1969ರ ತೆಲಂಗಾಣ ಚಳವಳಿಯ ನಾಯಕರಾದದ್ದು ಅದರ ಬೆನ್ನಿಗೇ.

ಗಡಿಯ ಗೆರೆ ನಕಾಶೆಯಲ್ಲಿ ಬಿದ್ದರೂ ನೆಂಟಸ್ತಿಕೆಯಲ್ಲಿ ಬೀಳಲಿಲ್ಲ. ಚಿಂಚೋಳಿ, ಸೇಡಂ ಕಡೆಯಿಂದ ಹೆಣ್ಣು ತರುವುದು, ಕೊಡುವುದು ನಡೆದೇ ಇದೆ. ಪೇಟೆಯಲ್ಲಿ ತೆಲುಗು, ಕನ್ನಡ, ಉರ್ದು, ಲಂಬಾಣಿ ಮಾತುಗಳು ಒಟ್ಟಿಗೆ ಕೇಳುತ್ತವೆ. ಒಂದೇ ವ್ಯಾಪಾರದಲ್ಲಿ ಮೂರು ಭಾಷೆ ಆಡುವವರೂ ಇದ್ದಾರೆ. ಊರಿನ ದೊಡ್ಡ ದೇವರು ಭದ್ರೇಶ್ವರ. ಆ ಹೆಸರು ಬೀದರ್ ಬಳಿಯ ಬಾವಗಿಯಿಂದ ಬಂದದ್ದು. ಬೇಸಿಗೆಯ ಜಾತ್ರೆಯಲ್ಲಿ ತೇರು ಎಳೆಯುತ್ತಾರೆ, ಲಂಕಾದಹನ ಮಾಡುತ್ತಾರೆ. ಗಡಿಯ ಹಳ್ಳಿಗಳಲ್ಲಿ ಎಳ್ಳಮಾಸಿಗೆ ಹೊಲಕ್ಕೆ ಬುತ್ತಿ ಹೋಗುತ್ತದೆ: ಸಜ್ಜೆ ರೊಟ್ಟಿ, ಹಲವು ಕಾಯಿಪಲ್ಲೆಗಳ ಭಜ್ಜಿ. ಮೊಹರಮ್ಮಿನಲ್ಲಿ ಪೀರುಗಳ ಮುಂದೆ ಹಿಂದೂಗಳೂ ಕೈಮುಗಿಯುತ್ತಾರೆ.

ಸರ್ಕಾರಿ ಕಾಗದದಲ್ಲಿ ಮಾತ್ರ ಕನ್ನಡಕ್ಕೆ ಜಾಗ ಕಡಿಮೆ. ತೆಲಂಗಾಣದ ಅಧಿಕೃತ ಭಾಷೆ ತೆಲುಗು, ಎರಡನೆಯದು ಉರ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಗಡಿಯ ಹಳ್ಳಿಗಳಲ್ಲಿ ಕನ್ನಡ ಮುಖ್ಯವಾಗಿ ಉಳಿದಿರುವುದು ಮನೆಯಲ್ಲಿ ಮತ್ತು ಸಂತೆಯಲ್ಲಿ.

ಗಡಿಯ ಗೆರೆ ಈಗ ತೊಗರಿಯ ಮೇಲೂ ಬಿದ್ದಿದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. 2022ರ ಡಿಸೆಂಬರಿನಲ್ಲಿ ತಾಂಡೂರು ತೊಗರಿಗೂ ಸಿಕ್ಕಿತು. ಅರ್ಜಿ ಹಾಕಿದ್ದು ಹತ್ತಿರದ ಯಾಲಾಲದ ರೈತ ಉತ್ಪಾದಕರ ಕಂಪನಿ. ಗಡಿಯ ಎರಡೂ ಕಡೆಯ ತೊಗರಿ ಈಗ ಬೇರೆ ಬೇರೆ ಹೆಸರಿನ ಚೀಲಗಳಲ್ಲಿ ಮಾರುಕಟ್ಟೆಗೆ ಹೋಗುತ್ತದೆ.