ಕಡಲ ಕಡೆಗೊಂದು ಚೆಂಡಾಟದ ಯಾತ್ರೆ

ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಪಂಡಿತನಿಗೂ ಗಾಲ್ಫ್ ಆಟಕ್ಕೂ ಏನು ನಂಟು ಎಂದು ತಾವು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿದವನು. ಸಂಧಿ ಸಮಾಸಗಳನ್ನು ಬಿಡಿಸುತ್ತ ತಲೆಗೂದಲು ನರೆಸಿಕೊಂಡವನಿಗೆ ಈ ಆಟದ ಹೆಸರು ಪತ್ರಿಕೆಯ ಕಡೆಯ ಪುಟದಲ್ಲಿ ಕಣ್ಣಿಗೆ ಬಿದ್ದದ್ದುಂಟು, ಅಷ್ಟೆ. ಆದರೆ ಕಳೆದ ಶ್ರಾವಣದ ಒಂದು ಭಾನುವಾರ ಮುಳಬಾಗಿಲಿನ ನಮ್ಮ ಮನೆಯ ಜಗಲಿಯ ಮೇಲೆ ನಡೆದ ಮಾತುಕತೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಅಂದು ಮಾಲೂರಿನಿಂದ ನಮ್ಮಣ್ಣನವರ ಮಗ ಬಂದಿದ್ದ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಜೊತೆಯವರ ಸಹವಾಸದಿಂದ ಎರಡು ವರ್ಷಗಳಿಂದ ಗಾಲ್ಫ್ ಕಲಿಯುತ್ತಿದ್ದಾನೆ. "ಚಿಕ್ಕಪ್ಪ, ಈ ಸಲ ರಜೆಗೆ ಕಡಲ ತೀರಕ್ಕೆ ಹೋಗೋಣ. ನಾಲ್ಕು ದಿನ ಆಟವೂ ಆಯಿತು, ಸಮುದ್ರ ಸ್ನಾನವೂ ಆಯಿತು" ಎಂದ. ನಾನು ನಗೆಯಾಡಿದೆ. ಮೂಲೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ ಅಣ್ಣನವರು ನಗಲಿಲ್ಲ. ಲೋಟವನ್ನು ಕೆಳಗಿಟ್ಟು, "ನಾನೂ ಬರಬಹುದೇನಪ್ಪಾ?" ಎಂದು ಕೇಳಿದರು.

ಈ ಪ್ರಶ್ನೆಯ ಹಿಂದೆ ಐವತ್ತು ವರ್ಷಕ್ಕೂ ಮೇಲ್ಪಟ್ಟ ಒಂದು ಕಥೆ ಇದೆ. ಅಣ್ಣನವರು ನನಗಿಂತ ಹನ್ನೆರಡು ವರ್ಷ ಹಿರಿಯರು. ಚಿಕ್ಕಂದಿನಲ್ಲಿ ಓದಿಗೆಂದು ನಮ್ಮ ಸೋದರಮಾವನವರ ಮನೆಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಇದ್ದರು. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಬೆಳೆದ ಆ ಊರಿಗೆ ಚಿಕ್ಕ ಇಂಗ್ಲೆಂಡು ಎಂದು ಹೆಸರಾಗಿತ್ತು. ಬಂಗಲೆ, ಇಗರ್ಜಿ, ಕ್ಲಬ್ಬು, ಟೆನ್ನಿಸ್ಸು ಇವುಗಳ ಜೊತೆಗೆ ಗಾಲ್ಫ್ ಬಯಲೂ ಅಲ್ಲಿಗೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು. ಬಿಳಿಯ ಅಧಿಕಾರಿಗಳ ಜಾಗಕ್ಕೆ ನಮ್ಮವರು ಬಂದರು, ಆಟ ಮಾತ್ರ ಉಳಿಯಿತು. ಶಾಲೆ ಬಿಟ್ಟ ಮೇಲೆ ಆಟಗಾರರ ಚೀಲ ಹೊರುವುದು, ಕಳೆದ ಚೆಂಡನ್ನು ಪೊದೆಯಲ್ಲಿ ಹುಡುಕಿ ಕೊಡುವುದು, ಇದು ಅಣ್ಣನವರ ಸಂಜೆಯ ಕೆಲಸ. ಯಾವ ಏಟಿಗೆ ಯಾವ ಕೋಲು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಆದರೆ ಕೋಲು ಎತ್ತಿಕೊಡುವುದು ಅವರ ಪಾಲು, ಹೊಡೆಯುವುದು ಇನ್ನೊಬ್ಬರ ಪಾಲು. ಮುಂದೆ ಅವರೂ ಗಣಿಗೆ ಸೇರಿದರು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮುಳಬಾಗಿಲಿಗೆ ಬಂದು ಸಣ್ಣದೊಂದು ಅಂಗಡಿ ಇಟ್ಟುಕೊಂಡರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ಚೆಂಡಿಗೆ ಏಟು ಹಾಕಿದವರಲ್ಲ. ಈಗ ವಯಸ್ಸು ಎಪ್ಪತ್ತರ ಹತ್ತಿರ. ಏರು ಹತ್ತಿದರೆ ಏದುಸಿರು ಬರುತ್ತದೆ. ಇನ್ನು ಮುಂದಕ್ಕೆ ಹಾಕುವ ಮಾತಲ್ಲವೆಂದು ನನಗೆ ಅನ್ನಿಸಿತು. ಯಾತ್ರೆಯ ಸಿದ್ಧತೆಯ ಭಾರವನ್ನು ನಾನೇ ಹೊತ್ತೆ.

ಪಂಡಿತನಾದವನು ಮೊದಲು ಶಬ್ದವನ್ನು ಹಿಡಿಯುತ್ತಾನೆ. ಕಡಲ ತಡಿಯ ಗಾಲ್ಫ್ ಬಯಲಿಗೆ ಲಿಂಕ್ಸ್ ಎಂದು ಹೆಸರು. ಕಡಲಿಗೂ ಹೊಲಗದ್ದೆಗಳಿಗೂ ನಡುವೆ ಇರುವ, ಬೇಸಾಯಕ್ಕೆ ಬಾರದ, ಮರಳು ದಿಬ್ಬಗಳ ಹುಲ್ಲುನೆಲವನ್ನು ಸ್ಕಾಟ್ಲೆಂಡಿನವರು ಹೀಗೆ ಕರೆದರು. ಉಳಲಾಗದ ನೆಲದಲ್ಲಿ ಹುಟ್ಟಿದ ಆಟ ಇದು. ಅಲ್ಲಿಯ ಸೇಂಟ್ ಆಂಡ್ರೂಸ್ ಊರಿನ ಹಳೆಯ ಬಯಲಿನಲ್ಲಿ 1764ರಲ್ಲಿ ಇಪ್ಪತ್ತೆರಡು ಕುಳಿಗಳನ್ನು ಹದಿನೆಂಟಕ್ಕೆ ಇಳಿಸಿದರು. ಆ ಲೆಕ್ಕವೇ ಮುಂದೆ ಲೋಕಕ್ಕೆಲ್ಲ ಆಯಿತು. ಜಗತ್ಪ್ರಸಿದ್ಧವಾದ ಆ ಬಯಲು ಇಂದಿಗೂ ಸಾರ್ವಜನಿಕರದು. ಯಾರು ಬೇಕಾದರೂ ಹೆಸರು ಕೊಟ್ಟು, ಚೀಟಿ ಎತ್ತಿದಾಗ ಅದೃಷ್ಟವಿದ್ದರೆ ಆಡಬಹುದು. ನಮ್ಮ ದೇಶಕ್ಕೆ ಆಟ ಬಂದದ್ದು ಬೇಗನೆ. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಆದರೆ ಇಲ್ಲಿ ಹೆಚ್ಚಿನವು ಸದಸ್ಯರ ಕ್ಲಬ್ಬುಗಳಾಗಿಯೇ ಬೆಳೆದವು. ಆದ್ದರಿಂದ ನಮ್ಮಂಥವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸದಸ್ಯರಲ್ಲದವರಿಗೆ ಪ್ರವೇಶವುಂಟೇ?

ನಾನು ಮಾಡಿದ ಮೊದಲ ತಪ್ಪನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಡಲ ತೀರದ ಒಂದು ವಿಹಾರಗೃಹದ ಜಾಹೀರಾತಿನಲ್ಲಿ ಗಾಲ್ಫ್ ಸೌಕರ್ಯ ಉಂಟೆಂದು ಕಂಡು, ಮುಂಗಡ ಹಣ ಕಳಿಸಲು ಹೊರಟೆ. ಹುಡುಗ ತಡೆದು ದೂರವಾಣಿಯಲ್ಲಿ ವಿಚಾರಿಸಿದ. ಅಲ್ಲಿ ಇದ್ದದ್ದು ಈಜುಕೊಳದ ಪಕ್ಕದಲ್ಲಿ ಒಂದು ಕಂಬಳಿಯಗಲದ ಹುಲ್ಲು, ಒಂದು ಕುಳಿ! ಆದ್ದರಿಂದ ಕುಳಿಗಳು ಎಷ್ಟು, ಬಯಲು ಅವರದೇ ಅಥವಾ ನೆರೆಯ ಕ್ಲಬ್ಬಿನದೇ, ಅತಿಥಿಗಳ ಶುಲ್ಕವೆಷ್ಟು, ಕೋಲುಗಳು ಬಾಡಿಗೆಗೆ ಸಿಗುತ್ತವೆಯೇ, ಈ ನಾಲ್ಕನ್ನೂ ಕೇಳದೆ ಯಾರೂ ಹಣ ಕಟ್ಟಬಾರದು. ಒಂಬತ್ತು ಕುಳಿಗಳಿಗೆ ಎರಡು ಗಂಟೆ ಬೇಕು; ಹದಿನೆಂಟಕ್ಕೆ ನಾಲ್ಕು ಗಂಟೆ, ಏಳೆಂಟು ಕಿಲೋಮೀಟರಿನ ನಡಿಗೆ. ಅಣ್ಣನವರಿಗೆ ಒಂಬತ್ತೇ ಸಾಕೆಂದು ನಿಶ್ಚಯಿಸಿದೆವು.

ಇನ್ನು ಸ್ಥಳ. ಮಂಗಳೂರಿನ ಬಳಿ ವಾಮಂಜೂರಿನ ಪಕ್ಕದ ಪಿಲಿಕುಳ ನಿಸರ್ಗಧಾಮದಲ್ಲಿ ಒಂದು ಗಾಲ್ಫ್ ಬಯಲು ಇದೆ. ಅದು ಕಡಲಂಚಿನದಲ್ಲ, ಗುರುಪುರ ನದಿಯ ಕಡೆಯ ಗುಡ್ಡದ ನೆಲ; ಬೆಳಗ್ಗೆ ಆಟ ಮುಗಿಸಿ ಸಂಜೆ ಪಣಂಬೂರಿನ ಮರಳಿಗೆ ಹೋಗಬಹುದು. ಚೆಂಡು ಹೊಡೆಯುತ್ತಲೇ ಅಲೆಯ ಸದ್ದು ಕೇಳಬೇಕೆನ್ನುವವರು ಕಾರವಾರವನ್ನು ದಾಟಿ ಗೋವೆಯ ಕಾಣಕೋಣ ತಾಲ್ಲೂಕಿಗೆ ಹೋಗಬೇಕು. ಅಲ್ಲಿಯ ರಾಜಬಾಗ ತೀರದಲ್ಲಿ ದೊಡ್ಡ ಹೋಟೆಲೊಂದಕ್ಕೆ ಸೇರಿದ ಒಂಬತ್ತು ಕುಳಿಗಳ ಬಯಲಿದೆ. ನಮ್ಮ ಕೈಚೀಲಕ್ಕೆ ಪಿಲಿಕುಳವೇ ಹೊಂದುವುದೆಂದು ತೀರ್ಮಾನವಾಯಿತು.

ದಾರಿಯನ್ನು ನೋಡಹೊರಟಾಗ ನನಗೊಂದು ಸಂತೋಷ ಕಾದಿತ್ತು. ನಮ್ಮ ಮುಳಬಾಗಿಲಿನ ಮುಂದೆ ಹಾಯುವ ರಾಷ್ಟ್ರೀಯ ಹೆದ್ದಾರಿ 75 ಇದೆಯಲ್ಲ, ಅದೇ ರಸ್ತೆ ಕೋಲಾರ, ಬೆಂಗಳೂರು, ಹಾಸನಗಳನ್ನು ಹಾದು, ಶಿರಾಡಿ ಘಾಟಿ ಇಳಿದು ಬಂಟ್ವಾಳದವರೆಗೆ ಹೋಗುತ್ತದೆ. ಅಲ್ಲಿಂದ ಮಂಗಳೂರು ಕೂಗಳತೆ. ಮನೆಯ ಬಾಗಿಲಿನಿಂದ ಕಡಲ ಬಾಗಿಲಿಗೆ ಹೆಚ್ಚುಕಡಮೆ ಒಂದೇ ದಾರಿ! ಆದರೂ ಅಣ್ಣನವರ ಉಸಿರಿನ ದೃಷ್ಟಿಯಿಂದ ರೈಲನ್ನೇ ಆರಿಸಿದೆವು. ಬಂಗಾರಪೇಟೆಯಲ್ಲಿ ಹತ್ತಿದರೆ ಮಾಲೂರಿನಲ್ಲಿ ಹುಡುಗ ಕೂಡಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಇಳಿದು ಮಂಗಳೂರಿನ ರಾತ್ರಿ ಗಾಡಿ.

ಕಾಲದ ವಿಚಾರವೂ ಮುಖ್ಯ. ನಮ್ಮ ಜಿಲ್ಲೆಗೆ ವರ್ಷದಲ್ಲಿ ಬೀಳುವ ಮಳೆ ಏಳುನೂರು ಮಿಲಿಮೀಟರಿನ ಆಸುಪಾಸು. ಮಂಗಳೂರಿನದು ಮೂರೂವರೆ ಸಾವಿರವನ್ನೂ ಮೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಚೆಂಡು ಹುಡುಕುವುದಕ್ಕೆ ದೋಣಿ ಬೇಕಾದೀತು. ಏಪ್ರಿಲ್ ಮೇ ತಿಂಗಳಲ್ಲಿ ಬೆವರೇ ಮಳೆ. ಆದ್ದರಿಂದ ದೀಪಾವಳಿ ಕಳೆದು ಡಿಸೆಂಬರ್, ಜನವರಿ. ಅದರಲ್ಲಿಯೂ ವಾರದ ನಡುವಿನ ದಿನ, ಬೆಳಗಿನ ಹೊತ್ತು. ಜನಸಂದಣಿಯೂ ಇಲ್ಲ, ಬಿಸಿಲೂ ಇಲ್ಲ. ಉಡುಪಿನ ನಿಯಮವೂ ಉಂಟು: ಕಾಲರಿನ ಅಂಗಿ, ಷರಾಯಿ, ಹುಲ್ಲನ್ನು ಕೀಳದ ಬೂಟು. ಪಂಚೆಗೆ ಎಡೆಯಿಲ್ಲವೆಂದು ಕೇಳಿ ನಾನು ಪ್ರೇಕ್ಷಕನಾಗಿಯೇ ಉಳಿಯುವುದೆಂದು ತೀರ್ಮಾನಿಸಿದೆ.

ಇಷ್ಟೆಲ್ಲ ಆದ ಮೇಲೆ ಅತ್ತಿಗೆಯವರು ಒಂದು ಪ್ರಶ್ನೆ ಹಾಕಿದರು: "ಅಷ್ಟು ಹುಲ್ಲಿಗೆ ನೀರು ಎಲ್ಲಿಂದ ತರುತ್ತಾರೆ?" ಸಾವಿರ ಅಡಿ ಕೊರೆದರೂ ಧೂಳೇ ಬರುವ ಕೊಳವೆ ಬಾವಿಗಳ ಸೀಮೆಯ ಹೆಂಗಸು ಕೇಳತಕ್ಕ ಪ್ರಶ್ನೆಯೇ ಅದು. ನಾನು ವಿಚಾರಿಸಿದೆ. ಮಳೆ ನಿಂತ ತಿಂಗಳುಗಳಲ್ಲಿ ಈ ಬಯಲುಗಳಿಗೆ ನೀರು ಬಹಳ ಬೇಕು; ಆದ್ದರಿಂದ ಹಲವೆಡೆ ಊರಿನ ಕೊಳಚೆಯನ್ನು ಶುದ್ಧಿಮಾಡಿ ಉಣಿಸುತ್ತಾರೆ. ನೀರಿಲ್ಲದ ಸೀಮೆಯಲ್ಲಿ ಕುಳಿಯ ಸುತ್ತ ಹುಲ್ಲನ್ನೇ ಬಿಟ್ಟು, ಎಣ್ಣೆ ಬೆರಸಿದ ಮರಳನ್ನು ಹಾಸಿ ಆಡುವ ಪದ್ಧತಿಯೂ ಉಂಟು. ಇಲ್ಲಿ ಒಂದು ಸೋಜಿಗ ನೋಡಿ. ಬೆಂಗಳೂರಿನ ಚಲ್ಲಘಟ್ಟದ ಕೆರೆ ಇದ್ದೆಡೆಯಲ್ಲಿ ಈಗ ಗಾಲ್ಫ್ ಬಯಲಿದೆ. ಅದೇ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಸಂಸ್ಕರಣೆಗೊಂಡು 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಹರಿದು ಬರುತ್ತಿದೆ. ಅಲ್ಲಿ ಕೆರೆ ಹೋಗಿ ಆಟದ ಬಯಲಾಯಿತು. ಇಲ್ಲಿ ಆಟದ ಬಯಲಾಗಿದ್ದ ಒಣ ಕೆರೆಯಂಗಳಕ್ಕೆ ನೀರು ಬಂದಿತು. ಅತ್ತಿಗೆಯವರು ಇದನ್ನೆಲ್ಲ ಕೇಳಿ, "ಹಾಗಾದರೆ ಮಳೆ ಬೀಳುವ ಸೀಮೆಗೇ ಹೋಗಿ ಆಡಿ ಬನ್ನಿ, ಇಲ್ಲಿ ಬೇಡ" ಎಂದು ಅಪ್ಪಣೆ ಕೊಟ್ಟರು.

ಆಟದ ಸೊಗಸು ನನಗೂ ಸ್ವಲ್ಪ ಸ್ವಲ್ಪ ತಿಳಿಯತೊಡಗಿದೆ. ಚೆಂಡಿನ ತೂಕ 46 ಗ್ರಾಮನ್ನು ಮುಟ್ಟುವುದಿಲ್ಲ. ಕುಳಿಯ ಬಾಯಿ ನಾಲ್ಕೂಕಾಲು ಅಂಗುಲ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಕೂಡದು. ಮಿಕ್ಕ ಆಟಗಳಲ್ಲಿ ಹೆಚ್ಚು ಗಳಿಸಿದವನು ಗೆದ್ದರೆ, ಇಲ್ಲಿ ಕಡಮೆ ಏಟು ಹೊಡೆದವನು ಗೆದ್ದ. ನಮ್ಮ ಬೆಂಗಳೂರಿನ ಹೆಣ್ಣುಮಗಳು ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾಗಿ ನಿಂತು, 2023ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ ತಂದಳು. ಗೋಲಿಯಾಟ ಆಡಿ ಬೆಳೆದ ನಮ್ಮ ಮಕ್ಕಳಿಗೆ ಕುಳಿಗೆ ಗುರಿಯಿಡುವುದು ಹೊಸದೇನಲ್ಲ. ಕೈಗೆ ಒಂದು ಕೋಲು, ಕಾಲಿಗೆ ಒಂದು ಬಯಲು ದೊರಕಬೇಕು.

ಈಗ ಚೀಟಿ ಕೊಂಡಾಗಿದೆ. ಆಡುವ ಹೊತ್ತನ್ನೂ ಗೊತ್ತುಮಾಡಿಕೊಂಡಿದ್ದೇವೆ. ಅಣ್ಣನವರು ದಿನಾ ಸಂಜೆ ಹಿತ್ತಿಲಿನಲ್ಲಿ ಊರುಗೋಲಿನಿಂದ ನಿಂಬೆಕಾಯಿಗೆ ಏಟು ಹಾಕುವ ಅಭ್ಯಾಸ ಮಾಡುತ್ತಿದ್ದಾರೆ. ಬೇಲಿಯಾಚೆಯ ಹುಡುಗರು ನಗುತ್ತಾರೆ, ಅವರು ಲಕ್ಷಿಸುವುದಿಲ್ಲ. ಮೊನ್ನೆ ರಾತ್ರಿ ಖರ್ಚಿನ ಪಟ್ಟಿಯನ್ನು ನಾನು ಓದಿ ಹೇಳುತ್ತಿದ್ದೆ: ಗಾಡಿಯ ದರ, ಕೋಣೆಯ ಬಾಡಿಗೆ, ಬಯಲಿನ ಶುಲ್ಕ, ಕೋಲುಗಳ ಬಾಡಿಗೆ, ಚೀಲ ಹೊರುವ ಹುಡುಗನ ಕೂಲಿ. ಅಲ್ಲಿ ಅವರು ತಡೆದರು.

"ಆ ಹುಡುಗನಿಗೆ ಎಷ್ಟು ಅಂತ ಬರೆದಿದ್ದೀಯ?"

ಹೇಳಿದೆ.

"ಇನ್ನಷ್ಟು ಸೇರಿಸು. ಮತ್ತೆ, ಅಲ್ಲಿಯವರು ಒಪ್ಪಿದರೆ, ಒಂಬತ್ತನೆಯ ಕುಳಿಯ ಹತ್ತಿರ ಕೋಲನ್ನು ಅವನ ಕೈಗೆ ಕೊಡೋಣ. ಒಂದು ಏಟು ಅವನೂ ಹೊಡೆಯಲಿ."

ನಾನು ಪಟ್ಟಿಯನ್ನು ತಿದ್ದಿಕೊಂಡೆ. ಒಪ್ಪಿಗೆ ಕೇಳಿ ನಾಳೆ ಕಾಗದ ಬರೆಯುವವನಿದ್ದೇನೆ.