ಅಧ್ಯಕ್ಷರ ಮೇಲಿನ ಅವಿಶ್ವಾಸ: ಸದಸ್ಯರ ಅಧಿಕಾರ, ಸದಸ್ಯರ ಹೊಣೆ



ಮಂಗಳೂರು ಮಹಾನಗರಪಾಲಿಕೆಯಲ್ಲಿ ಮೇಯರ್ ಹುದ್ದೆಯ ಅವಧಿ ಒಂದು ವರ್ಷ. ಅವರು ಅಪ್ರಿಯರಾದರೂ ಬದಲಾವಣೆ ದೂರವಿರುವುದಿಲ್ಲ. ಗ್ರಾಮ ಪಂಚಾಯತ್ ಅಧ್ಯಕ್ಷರ ಅವಧಿ 30 ತಿಂಗಳು. ಅಷ್ಟು ಕಾಲ ಸಭೆಗಳು ನಡೆಯದೆ, ಕ್ರಿಯಾಯೋಜನೆ ಅನುಮೋದನೆಗೊಳ್ಳದೆ ಉಳಿದರೆ ನಷ್ಟವಾಗುವುದು ನಳ್ಳಿ ನೀರಿಗೆ ಕಾದಿರುವ ಗ್ರಾಮಸ್ಥರಿಗೆ.

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಇದಕ್ಕೆ ದಾರಿ ತೋರಿದೆ. ಒಟ್ಟು ಸದಸ್ಯರ ಮೂರನೇ ಒಂದರಷ್ಟು ಮಂದಿ ಲಿಖಿತವಾಗಿ ಕೋರಿದಲ್ಲಿ ಅಧ್ಯಕ್ಷರು 15 ದಿನಗಳೊಳಗೆ ವಿಶೇಷ ಸಭೆ ಕರೆಯತಕ್ಕದ್ದು. ಅಸಮಾಧಾನವು ಮೊದಲು ಅಲ್ಲಿ ಚರ್ಚೆಯಾಗಿ ನಡವಳಿ ಪುಸ್ತಕದಲ್ಲಿ ದಾಖಲಾಗುವುದು ಯುಕ್ತ.

ಅದರಿಂದಲೂ ಸರಿಹೋಗದಿದ್ದಲ್ಲಿ ಪ್ರಕರಣ 49ರ ಅವಿಶ್ವಾಸ ನಿರ್ಣಯವಿದೆ. ಆಯ್ಕೆಯ ನಂತರದ ನಿಗದಿತ ಆರಂಭಿಕ ಅವಧಿಯಲ್ಲಿ ಸಾಮಾನ್ಯವಾಗಿ ಇದನ್ನು ಮಂಡಿಸುವಂತಿಲ್ಲ. ಸೂಚನಾ ಪತ್ರಕ್ಕೆ ಒಟ್ಟು ಸದಸ್ಯರ ಅರ್ಧದಷ್ಟು ಸಹಿ, ಅಂಗೀಕಾರಕ್ಕೆ ಮೂರನೇ ಎರಡರಷ್ಟು ಮತ ಅಗತ್ಯ. 15 ಸದಸ್ಯರಿರುವಲ್ಲಿ 8 ಸಹಿ, 10 ಮತ. ಇದು ಒಟ್ಟು ಸದಸ್ಯಬಲದ ಲೆಕ್ಕ, ಹಾಜರಾತಿಯದಲ್ಲ; ಗೈರುಹಾಜರಾದವರಿಂದಲೂ ನಿರ್ಣಯ ಬೀಳಬಹುದು.

ಸೂಚನೆಯನ್ನು ಮಂಗಳೂರು ಅಥವಾ ಪುತ್ತೂರು ಉಪವಿಭಾಗದ ಸಹಾಯಕ ಆಯುಕ್ತರಿಗೆ ಸಲ್ಲಿಸತಕ್ಕದ್ದು. ಅವರು 30 ದಿನಗಳೊಳಗೆ ಸಭೆ ನಡೆಸುತ್ತಾರೆ. ಅಲ್ಲಿ ಚರ್ಚೆಯಿಲ್ಲ, ಮತದಾನ ಮಾತ್ರ. ಆದುದರಿಂದ ಆಡಬೇಕಾದ ಮಾತನ್ನೆಲ್ಲ ಅದಕ್ಕೆ ಮೊದಲೇ ಆಡಿರಬೇಕು.

ಅಪ್ರಿಯತೆ ಬೇರೆ, ಕರ್ತವ್ಯಲೋಪ ಬೇರೆ. ತೆರಿಗೆ ಬಾಕಿಯನ್ನು ಬಿಗಿಯಾಗಿ ವಸೂಲು ಮಾಡಿಸಿ ಅಪ್ರಿಯರಾದ ಅಧ್ಯಕ್ಷರೂ ಇರಬಹುದು. ಸಹಿ ಹಾಕುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತೂಗಿನೋಡಬೇಕಾದುದು ಈ ವ್ಯತ್ಯಾಸವನ್ನು.