ಚಿತ್ರಕ್ಕೆ ಜೀವ ತುಂಬುವ ಕಂಠ



ತೊಗಲುಗೊಂಬೆಯಾಟವನ್ನು ನೀವು ನೋಡಿರಬಹುದು. ಪರದೆಯ ಮೇಲೆ ರಾವಣ ಗುಡುಗುತ್ತಾನೆ, ಸೀತೆ ಅಳುತ್ತಾಳೆ. ತೊಗಲಿಗೆ ಮಾತು ಬಾರದು. ಮಾತೆಲ್ಲ ಪರದೆಯ ಹಿಂದೆ ಕುಳಿತವರದು. ಅನಿಮೇಷನ್ ಚಿತ್ರಗಳಿಗೆ ದನಿ ಕೊಡುವ ಕಲಾವಿದರ ಕೆಲಸವೂ ಇದೇ ಬಗೆಯದು.

ಈ ಕಲೆಯಲ್ಲಿ ಜಗತ್ತಿಗೇ ಹೆಸರಾದವರು ಅಮೆರಿಕದ ಮೆಲ್ ಬ್ಲಾಂಕ್ (1908–1989). ಬಗ್ಸ್ ಬನ್ನಿ ಎಂಬ ಮೊಲ, ಡ್ಯಾಫಿ ಎಂಬ ಬಾತುಕೋಳಿ, ಪೋರ್ಕಿ ಎಂಬ ಹಂದಿ, ಎಲ್ಲಕ್ಕೂ ಅವರದೇ ಕಂಠ. ದನಿ ಬದಲಿಸುವುದಷ್ಟೇ ಅವರ ಹಿರಿಮೆಯಲ್ಲ. ಪಾತ್ರದ ಸ್ವಭಾವವೇ ದನಿಯಲ್ಲಿ ಕಾಣುವಂತೆ ಅವರು ಮಾತನಾಡುತ್ತಿದ್ದರು.

ಹೊಸದಾಗಿ ತಯಾರಾಗುವ ಚಿತ್ರಕ್ಕೆ ಸಾಮಾನ್ಯವಾಗಿ ಮೊದಲು ದನಿಯನ್ನು ಮುದ್ರಿಸಿ, ಅದಕ್ಕೆ ತಕ್ಕಂತೆ ಬಾಯಿಯ ಚಲನೆ ಬಿಡಿಸುತ್ತಾರೆ. ಡಬ್ಬಿಂಗಿನಲ್ಲಿ ಇದು ತಿರುಗುಮುರುಗು. ಬಾಯಿ ಆಗಲೇ ಆಡುತ್ತಿರುತ್ತದೆ, ಮಾತು ಅದಕ್ಕೆ ಹೊಂದಬೇಕು. ಇಂಗ್ಲಿಷಿನ ‘ಸ್ಟಾಪ್’ ಎನ್ನುವಾಗ ಕೊನೆಗೆ ತುಟಿ ಕೂಡುತ್ತದೆ. ‘ನಿಲ್ಲು’ ಎಂದರೆ ಕೂಡುವುದಿಲ್ಲ. ‘ನಿಲ್ಲಪ್ಪ’ ಎಂದು ನೋಡಿ, ತುಟಿಯೂ ಕೂಡಿತು, ಮಾತೂ ನಮ್ಮದಾಯಿತು! ವ್ಯಾಕರಣದ ಪಾಠದಲ್ಲಿ ಓದುವ ಓಷ್ಠ್ಯಾಕ್ಷರ ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ.

ಕನ್ನಡದಲ್ಲಿ ಈ ವೃತ್ತಿ ತಡವಾಗಿ ಬೆಳೆಯಿತು. 1960ರ ದಶಕದಿಂದ ನಮ್ಮ ಚಿತ್ರರಂಗ ಡಬ್ಬಿಂಗನ್ನು ವಿರೋಧಿಸಿತು. ಎಳೆಯ ಉದ್ಯಮವನ್ನೂ ಇಲ್ಲಿನ ಕಲಾವಿದರ ಅನ್ನವನ್ನೂ ಉಳಿಸಿಕೊಳ್ಳುವುದು ಅದರ ಉದ್ದೇಶ. ಆದರೆ ನಮ್ಮ ಮಕ್ಕಳು ಬಹುಕಾಲ ಕಾರ್ಟೂನುಗಳನ್ನು ಹೆಚ್ಚಾಗಿ ಪರಭಾಷೆಯಲ್ಲೇ ನೋಡಬೇಕಾಯಿತು. 2009ರಲ್ಲಿ ‘ಚಿಂಟು ಟಿ.ವಿ.’ ಎಂಬ ಕನ್ನಡ ಮಕ್ಕಳ ವಾಹಿನಿ ಬಂದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿಪಡಿಸುವುದರ ವಿರುದ್ಧ ಆದೇಶ ನೀಡಿತು. 2025ರಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ತೆರೆಕಂಡಿತು. ಮಗುವೊಂದು ತನ್ನ ಮನೆಮಾತಿನಲ್ಲಿ ಕಥೆ ಕೇಳುವುದೂ, ಕನ್ನಡ ಬಲ್ಲ ಕಂಠವೊಂದು ಅದರಿಂದ ಅನ್ನ ಗಳಿಸುವುದೂ ಸಣ್ಣ ಸಂಗತಿಗಳಲ್ಲ.

‘ನಮ್ಮದು ಹಳ್ಳಿಯ ಮಾತು, ನಮಗೆಲ್ಲಿ ಅವಕಾಶ?’ ಎಂದು ನೀವು ಹಿಂಜರಿಯಬೇಡಿ. ಜಗಳೂರಿನ ಬಯಲುಸೀಮೆಯ ನುಡಿ, ನ್ಯಾಮತಿಯ ಕಡೆಯ ಶಿವಮೊಗ್ಗ ಸೀಮೆಯ ನುಡಿ, ಎರಡೂ ಕಲಾವಿದನಿಗೆ ಬಂಡವಾಳವೇ. ಜೊತೆಗೆ ಶಿಷ್ಟ ಉಚ್ಚಾರಣೆಯೂ ಸ್ವಾಧೀನವಾಗಿರಬೇಕು. ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಆಗಬಾರದು. ಪಾತ್ರ ಬೇಡಿದಾಗ ‘ಆಲು’ ಎನ್ನಲೂ ಬರಬೇಕು.

ಒಂದು ಅಭ್ಯಾಸ ಮಾಡಿ. ಪಾಠದ ಒಂದೇ ಪುಟವನ್ನು ಅಜ್ಜಿಯಾಗಿ, ಮಗುವಾಗಿ, ನರಿಯಾಗಿ ಗಟ್ಟಿಯಾಗಿ ಓದಿ. ಗೆಳೆಯರು ಕಣ್ಣು ಮುಚ್ಚಿ ಕೇಳಿ, ಯಾರೆಂದು ಗುರುತಿಸಲಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಮೊದಲೇ ಗುರುತು ಹಾಕಿಕೊಳ್ಳಿ. ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡಿ. ಕಂಠ ಒಡೆಯುವ ವಯಸ್ಸಿನ ಹುಡುಗರು ವಿಶೇಷ ಎಚ್ಚರ ವಹಿಸಬೇಕು.

ಈ ಕೆಲಸ ಹೆಚ್ಚಾಗಿ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಡೆಯುತ್ತದೆ. ತಿಂಗಳ ಸಂಬಳದ ಭರವಸೆ ಇರುವುದು ಅಪರೂಪ. ಆದ್ದರಿಂದ ಓದನ್ನು ಬಿಡದೆ, ಶಾಲೆಯ ನಾಟಕ, ಭಾಷಣ, ವಾಚನಗಳಿಂದ ಆರಂಭಿಸಿ. ತೆರೆಯ ಮೇಲೆ ನಿಮ್ಮ ಮುಖ ಕಾಣದಿರಬಹುದು. ಆದರೆ ಕೇಳಿದ ಮಗು ನಕ್ಕರೆ ಆ ನಗೆ ನಿಮ್ಮದೇ ಸಂಪಾದನೆ.